ಹಾಕಿ ಗೊತ್ತಿಲ್ಲದ ಹಾಕಿ ಗುರು

ಮಾನ ಹೋಗುವ ಪ್ರಸಂಗ ಒಬ್ಬ ಮನುಷ್ಯನ ಬಾಳಿನಲ್ಲಿ ಒಂದೋ ಎರಡೋ ಬರುತ್ತದಂತೆ. ನನಗೆ ಮಾತ್ರ ಅವು ಜಾತ್ರೆ ದಿನದ ಬಸ್ಸಿನ ಹಾಗೆ ಒಂದರ ಬೆನ್ನಿಗೆ ಒಂದು ಬಂದಿವೆ. ಒಂದು ಹೋಯಿತಲ್ಲ ಎಂದು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಎದುರಿಗೇ ನಿಲ್ಲುತ್ತದೆ.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿ ದುಡಿದು ನಿವೃತ್ತನಾದವನು. ಜನರ ಬಾಯಲ್ಲಿ ಪಿ.ಟಿ. ಮೇಷ್ಟ್ರು. ನನ್ನ ಆಟ ಕಬಡ್ಡಿ. ಆದರೆ ನ್ಯಾಮತಿಯಿಂದ ಜಗಳೂರಿನವರೆಗೆ ಜನ ನನ್ನನ್ನು ಗುರುತು ಹಿಡಿಯುವುದು ಬೇರೆ ಕಾರಣಕ್ಕೆ. ದೇಶದ ಪರವಾಗಿ ಹಾಕಿ ಆಡಿ, ಕೊರಳಿಗೆ ಚಿನ್ನದ ಪದಕ ಹಾಕಿಸಿಕೊಂಡು ಬಂದ ನಮ್ಮ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಹಾಕಿ ಕಲಿಸಿದ ಗುರು ನಾನು ಎಂಬುದು ಪ್ರತೀತಿ. ಈ ಪ್ರತೀತಿ ಹೇಗೆ ಹುಟ್ಟಿತು, ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಒಂದು ಸಲವಾದರೂ ನೆಟ್ಟಗೆ ಹೇಳಿಬಿಡಬೇಕು ಅನ್ನಿಸಿದೆ.

ಹೀರೇಕಾಯಿ ಚಪ್ಪರ

ಆಗ ನಾನು ಸವಳಂಗದ ಹತ್ತಿರದ ಒಂದು ಶಾಲೆಯಲ್ಲಿದ್ದೆ. ಒಂದು ದಿನ ಇಲಾಖೆಯಿಂದ ಕ್ರೀಡಾ ಸಾಮಗ್ರಿ ಬಂತು. ನಾನು ಕಬಡ್ಡಿಗೆ ಮ್ಯಾಟು ಕೇಳಿದ್ದೆ. ಬಿಚ್ಚಿ ನೋಡಿದರೆ ಹದಿನಾಲ್ಕು ಹಾಕಿ ಕೋಲು. ಚೆಂಡು ಒಂದೂ ಇಲ್ಲ.

ನಮ್ಮ ಹೆಡ್‌ಮಾಸ್ಟರಿಗೆ ಕೈತೋಟದ ಹುಚ್ಚು. ಬಿಸಿಯೂಟದ ಸಾರಿಗೆ ಶಾಲೆಯಲ್ಲೇ ತರಕಾರಿ ಬೆಳೆಯಬೇಕು ಅನ್ನುವವರು. ಕೋಲುಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಷ್ಟ್ರೇ, ಇವು ಏನಕ್ಕೆ ಬರ್ತಾವ್ರೀ?" ಅಂದರು.

"ಏನಕ್ಕಾದ್ರೂ ಬರ್ತಾವ್ ಸಾರ್," ಅಂದೆ. ನನಗೆ ಗೊತ್ತಿದ್ದಿದ್ದೇ ಅಷ್ಟು.

ಮಾರನೇ ದಿನ ಬಂದು ನೋಡಿದರೆ ಹದಿನಾಲ್ಕೂ ಕೋಲು ಹೀರೇಕಾಯಿ ಚಪ್ಪರಕ್ಕೆ ಗೂಟವಾಗಿ ನಿಂತಿದ್ದವು. "ತುದಿ ಸೊಟ್ಟಗೈತಲ್ಲ, ದಾರ ಕಟ್ಟಾಕೆ ಬಾಳ ಅನುಕೂಲ. ಸರ್ಕಾರದೋರು ಯೋಚನೆ ಮಾಡೇ ಕಳಿಸ್ಯಾರೆ," ಅಂದರು ಹೆಡ್‌ಮಾಸ್ಟರು. ನಾನೂ ತಲೆಯಾಡಿಸಿದೆ.

ಎಂಟನೇ ಕ್ಲಾಸಿನ ಒಂದು ಹುಡುಗಿ ಆ ಚಪ್ಪರದ ಹತ್ತಿರವೇ ಸುಳಿದಾಡುತ್ತಿದ್ದಳು. ತಾಯಿ ಮೆಕ್ಕೆಜೋಳದ ಹೊಲಗಳಿಗೆ ಕೂಲಿಗೆ ಹೋಗುವವಳು, ತಂದೆ ಇರಲಿಲ್ಲ. ಒಂದು ಸಂಜೆ ಚಪ್ಪರ ಧೊಪ್ಪೆಂದು ಒಂದು ಕಡೆ ಕುಸಿಯಿತು. ಓಡಿ ಹೋಗಿ ನೋಡಿದರೆ ಈ ಹುಡುಗಿ ಒಂದು ಗೂಟ ಕಿತ್ತುಕೊಂಡು, ಒಣಗಿದ ಬೇಲದ ಕಾಯಿಯೊಂದನ್ನು ಅದರಿಂದ ತಟ್ಟುತ್ತಾ ನಲ್ಲಿಯಿಂದ ಧ್ವಜದ ಕಟ್ಟೆವರೆಗೆ ಓಡುತ್ತಿದ್ದಾಳೆ. ನಡುವೆ ತೇಗದ ಸಸಿಗಳಿದ್ದವು. ಒಂದೊಂದನ್ನೂ ಸುತ್ತಿ ಬಳಸಿ ಹೋದಳು. ಕಾಯಿ ಕೋಲಿಗೆ ಅಂಟಿಕೊಂಡಿದೆಯೇನೋ ಅನ್ನುವ ಹಾಗಿತ್ತು.

ಬೇರೆ ಯಾವ ಮೇಷ್ಟ್ರಾಗಿದ್ದರೂ ಅಲ್ಲೇ ನಿಂತು ನೋಡುತ್ತಿದ್ದ. ನಾನು ಅವಳ ಕಿವಿ ಹಿಡಿದೆ.

"ಅದು ಹೆಣ್ಣುಮಕ್ಕಳ ಆಟ ಅಲ್ಲ ಕಣೇ. ಗೂಟ ನೆಟ್ಟು, ಹೋಗಿ ಥ್ರೋಬಾಲ್ ಆಡು."

"ಮತ್ತೆ ಇದರ ಆಟ ಹೆಂಗೆ ಆಡಾದು ಸಾರ್?"

ನನಗೆ ಗೊತ್ತಿದ್ದರೆ ತಾನೆ! "ಅದನ್ನೆಲ್ಲ ಹತ್ತನೇ ಕ್ಲಾಸಿಗೆ ಬಂದ್ಮ್ಯಾಲೆ ಹೇಳಿಕೊಡ್ತೀನಿ," ಅಂದುಬಿಟ್ಟೆ.

ಅವಳು ಗೂಟ ನೆಟ್ಟಳು. ಮಾರನೇ ಸಂಜೆ ಇನ್ನೊಂದು ಗೂಟ ಕಿತ್ತಳು. ಆ ವರ್ಷ ನಮ್ಮ ಶಾಲೆಯಲ್ಲಿ ಹೀರೇಕಾಯಿ ಬೆಳೆಯಲೇ ಇಲ್ಲ. ಹಾಕಿ ಬೆಳೆಯಿತು, ಅದೂ ದೈಹಿಕ ಶಿಕ್ಷಕರ ಅಡ್ಡಿಯನ್ನು ದಾಟಿಕೊಂಡು.

ಹೊನ್ನಾಳಿಯಲ್ಲಿ ಹನ್ನೊಂದು ಜನ

ಮುಂದಿನ ವರ್ಷ ಸುತ್ತೋಲೆ ಬಂತು. ಸಾಮಗ್ರಿ ಪಡೆದ ಶಾಲೆಗಳೆಲ್ಲ ತಾಲ್ಲೂಕು ಪಂದ್ಯಕ್ಕೆ ಹಾಕಿ ತಂಡ ಕಳಿಸಲೇಬೇಕು. ಆಗಿನ್ನೂ ನ್ಯಾಮತಿ ತಾಲ್ಲೂಕಾಗಿರಲಿಲ್ಲ, ಎಲ್ಲದಕ್ಕೂ ಹೊನ್ನಾಳಿಗೇ ಹೋಗಬೇಕು. ಹೆಡ್‌ಮಾಸ್ಟರು ತಾವೇ ನಿಂತು ಗೂಟಗಳನ್ನು ಕೀಳಿಸಿ, ಮಣ್ಣು ತೊಳೆಸಿ ಕೊಟ್ಟರು.

ಥ್ರೋಬಾಲ್ ಆಡುವ ಹತ್ತು ಹುಡುಗಿಯರನ್ನು ಕೂಡಿಸಿದೆ, ಇವಳು ಹನ್ನೊಂದನೆಯವಳು. ಬಸ್ಸಿನಲ್ಲೇ ಆಟದ ನಿಯಮ ಹೇಳಿಕೊಟ್ಟೆ. "ಕೋಲಿಂದ ಹೊಡೀರಿ. ಆಗ್ಲಿಲ್ಲ ಅಂದ್ರೆ ಕಾಲಿಂದ ಒದೀರಿ. ಒಟ್ಟು ಚೆಂಡು ಒಳಗೆ ಹೋಗಬೇಕು, ಅಷ್ಟೇ."

ಮೈದಾನಕ್ಕೆ ಹೋದ ಮೇಲೆ ತಿಳಿಯಿತು, ಹಾಕಿಯಲ್ಲಿ ಗೋಲ್‌ಕೀಪರ್ ಅಂತ ಒಬ್ಬರು ಇರುತ್ತಾರೆ, ಅವರ ಕಾಲಿಗೆ ದಪ್ಪನೆ ಪ್ಯಾಡು ಕಟ್ಟಬೇಕು. ಎಲ್ಲಿಂದ ತರುವುದು? ಎದುರಿನ ಅಂಗಡಿಯಿಂದ ಎರಡು ಗೋಣಿಚೀಲ ಕೇಳಿ ತಂದು, ಹುಲ್ಲು ತುಂಬಿ, ನಮ್ಮಲ್ಲೇ ಗಟ್ಟಿಮುಟ್ಟಾಗಿದ್ದವಳ ಎರಡೂ ಕಾಲಿಗೆ ಕಟ್ಟಿದೆ. ಪಾಪ, ಅವಳಿಗೆ ಹೆಜ್ಜೆ ಎತ್ತಿಡಲಿಕ್ಕೇ ಆಗಲಿಲ್ಲ. ನಾಲ್ಕು ಹುಡುಗಿಯರು ಅವಳನ್ನು ಎತ್ತಿಕೊಂಡು ಹೋಗಿ ಗೋಲಿನ ಮುಂದೆ ನಿಲ್ಲಿಸಿ ಬಂದರು. ಅರ್ಧ ಆಟ ಮುಗಿದು ಪಕ್ಕ ಬದಲಾಯಿಸುವಾಗ ಮತ್ತೆ ಎತ್ತಿಕೊಂಡು ಆ ಕಡೆಗೆ ಹೋದರು. ಮೈದಾನದ ಸುತ್ತ ನಿಂತವರು ಶಿಳ್ಳೆ ಹೊಡೆದರು.

ಆಟ ಶುರುವಾದಾಗಿನಿಂದ ಅಂಪೈರ್ ಪೀಪಿ ಊದಿದ್ದೇ ಊದಿದ್ದು. ಕೊನೆಗೆ ಸುಸ್ತಾಗಿ ನನ್ನ ಹತ್ತಿರವೇ ಬಂದರು.

"ಏನ್ರೀ ಮೇಷ್ಟ್ರೇ, ನಿಮ್ಮ ಹುಡುಗ್ಯಾರು ಕಾಲಾಗೆ ಒದೀತಾರಲ್ಲ. ಹಾಕಿನಾಗೆ ಚೆಂಡಿಗೆ ಕಾಲು ತಗಲಂಗಿಲ್ರೀ."

"ಕಾಲು ಅಡ್ಡ ಬಂದ್ರೆ ಏನ್ ಮಾಡಾಕಾಗುತ್ತೆ ಸಾರ್, ಮನೇಲಿ ಬಿಟ್ಟು ಬರಾಕಾಗುತ್ತಾ?" ಅಂದೆ.

"ಅದು ಹೋಗ್ಲಿ. ಕೋಲಿನ ಚಪ್ಪಟೆ ಮುಖದಿಂದ ಹೊಡೀಬೇಕು, ದುಂಡಗಿರೋ ಬೆನ್ನಿಂದ ಹೊಡೀಬಾರದು. ಅದನ್ನಾದ್ರೂ ಹೇಳೀರೋ ಇಲ್ವೋ?"

ಕೋಲಿಗೆ ಒಂದು ಮುಖ, ಒಂದು ಬೆನ್ನು ಇರುತ್ತದೆ ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು.

ನಾವು ಹನ್ನೊಂದು ಗೋಲಿನಿಂದ ಸೋತೆವು ಅಂತ ಜನ ಹೇಳುತ್ತಾರೆ, ತಪ್ಪು. ಅವರದು ಹನ್ನೊಂದು, ನಮ್ಮದು ಒಂದು. ಆ ಒಂದು ಇವಳದು. ಮೊದಲರ್ಧ ಪೂರ್ತಿ ಎದುರಾಳಿ ಹುಡುಗಿಯರ ಕೈಯನ್ನೇ ನೋಡುತ್ತಾ ಆಡಿದ್ದಳು. ಎರಡನೇ ಅರ್ಧದಲ್ಲಿ ಅವಳ ವಿರುದ್ಧ ಒಂದು ಸಲವೂ ಪೀಪಿ ಊದಲಿಲ್ಲ. ಐದು ಜನರನ್ನು ದಾಟಿಕೊಂಡು ಹೋಗಿ ಹೊಡೆದ ಆ ಗೋಲಿಗೆ ಎದುರು ತಂಡದ ಮೇಷ್ಟ್ರೇ ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ಹುಡುಕಿಕೊಂಡು ಬಂದು ಕೇಳಿದರು, "ಆ ಹುಡುಗಿಗೆ ಯಾರ್ರೀ ಕಲಿಸಿದ್ದು?"

ಒಂದೇ ಒಂದು ಕ್ಷಣ ಯೋಚಿಸಿದೆ. "ನಾನೇ ಸಾರ್," ಅಂದೆ.

ಅವರು ನಮ್ಮ ಉಳಿದ ಹುಡುಗಿಯರ ಕಡೆ, ಗೋಣಿಚೀಲ ಬಿಚ್ಚಲು ಒದ್ದಾಡುತ್ತಿದ್ದವಳ ಕಡೆ ಒಂದು ಸಲ ನೋಡಿದರು.

"ಹಂಗಾರೆ ಇವರಿಗೆ ಯಾರ್ರೀ ಕಲಿಸಿದ್ದು?"

ಒದ್ದೆ ಪತ್ರ

ಇದೊಂದನ್ನು ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ.

ಹೊನ್ನಾಳಿಯ ಆ ಅಂಪೈರ್ ಒಳ್ಳೆಯ ಮನುಷ್ಯ. ಹುಡುಗಿಯ ಹೆಸರನ್ನು ಮೇಲಕ್ಕೆ ಬರೆದು ಕಳಿಸಿದ್ದರು, ಪತ್ರ ಬರುತ್ತದೆ ಅಂತ ಅವಳಿಗೂ ಹೇಳಿದ್ದರು. ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗೆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ದಾವಣಗೆರೆಗೆ ಕರೆದುಕೊಂಡು ಬನ್ನಿ ಅಂತ ನನ್ನ ಹೆಸರಿಗೆ ಪತ್ರ ಬಂತು. ಓದಿ ಅಂಗಿಯ ಜೇಬಿಗೆ ಹಾಕಿಕೊಂಡೆ.

ಹುಡುಗಿ ದಿನಾ ಬಂದು ಕೇಳುತ್ತಿದ್ದಳು. "ಸಾರ್, ಪತ್ರ ಬಂತಾ?"

"ಬಂದ್ರೆ ಹೇಳ್ತೀನಿ, ಹೋಗೇ."

ಮರೆತೆ ಅಂತ ಹೇಳಿದರೆ ನೀವು ನಂಬುತ್ತೀರಿ. ಆದರೆ ಪೂರ್ತಿ ಮರೆತಿರಲಿಲ್ಲ. ಅಲ್ಲಿ ಹಾಕಿ ಬಲ್ಲವರು ಇರುತ್ತಾರೆ, ನೀವು ಏನು ಕಲಿಸಿದಿರಿ ಅಂತ ಕೇಳುತ್ತಾರೆ, ಹೊನ್ನಾಳಿಯಲ್ಲಾದ ಹಾಗೆ ಮತ್ತೆ ಮಾನ ಹೋಗುತ್ತದೆ ಎಂಬ ಅಂಜಿಕೆ. ಜೊತೆಗೆ ಹೊನ್ನಾಳಿಯಿಂದ ಬಂದ ಮೇಲೆ ಇವಳನ್ನು ಥ್ರೋಬಾಲಿಗೂ ಹಾಕಿಕೊಂಡಿದ್ದೆ, ಇವಳು ಹೋದರೆ ಆ ತಂಡಕ್ಕೆ ಗತಿಯಿಲ್ಲ. ಒಬ್ಬ ಮೇಷ್ಟ್ರು ಇಷ್ಟು ಸಣ್ಣವನಾಗಬಹುದೇ ಅಂತ ಕೇಳಬೇಡಿ. ಆಗಿದ್ದೆ. ಭಾನುವಾರ ಚನ್ನಗಿರಿಯಲ್ಲಿ ನೆಂಟರ ಮದುವೆಯಿತ್ತು, ಅದೇ ಅಂಗಿಯಲ್ಲಿ ಹೋಗಿ ಹೋಳಿಗೆ ಉಂಡು ಬಂದೆ. ಜೇಬಿನಲ್ಲಿ ಪತ್ರ ಇದ್ದೇ ಇತ್ತು.

ಗುರುವಾರ ಬೆಳಿಗ್ಗೆ ಆರೂವರೆಗೆ ನನ್ನ ಹೆಂಡತಿ ಬಟ್ಟೆ ನೆನೆಸಿದಳು. ಹಿತ್ತಿಲಿಂದಲೇ ಕೂಗಿದಳು. "ಏನ್ರೀ ಇದು? ಆ ಹುಡುಗಿದು ಪತ್ರ ಐತಲ್ಲ! ಇವತ್ತೇ ಗುರುವಾರ!"

ನಾನು ಏನೋ ತೊದಲಿದೆ. ಅವಳು ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳು, ಅರ್ಥವಾಗಿಬಿಟ್ಟಿತು.

"ಆ ಕೂಸಿನ ಕಣ್ಣಾಗೆ ನೀರು ಬಂದ್ರೆ ಈ ಮನೇಲಿ ನಿಮಗೆ ಅನ್ನ ಇಲ್ಲ. ಸ್ಕೂಟರ್ ತೆಗೀರಿ."

ಹುಡುಗಿಯ ಮನೆಗೆ ಹೋದಾಗ ಅವಳ ತಾಯಿ ಬುತ್ತಿ ಕಟ್ಟಿಕೊಂಡು ಕೂಲಿಗೆ ಹೊರಟಿದ್ದಳು. ಹುಡುಗಿಗೆ ಬೂಟಿರಲಿಲ್ಲ. ನನ್ನ ಹೆಂಡತಿ ಮೊದಲೇ ಯೋಚಿಸಿ ತಾನು ವಾಕಿಂಗಿಗೆ ಹಾಕುತ್ತಿದ್ದ ಕ್ಯಾನ್ವಾಸ್ ಬೂಟು ಕೊಟ್ಟು ಕಳಿಸಿದ್ದಳು. ದೊಡ್ಡದಾಯಿತು, ಮುಂದೆ ಪೇಪರ್ ತುರುಕಿದೆವು. ಹುಡುಗಿ ಹಿಂದೆ ಕೂತು ಹಾಕಿ ಕೋಲನ್ನು ಅಡ್ಡಡ್ಡ ಹಿಡಿದುಕೊಂಡಳು. ಎದುರಿಗೆ ಬಂದವರೆಲ್ಲ ನಮಗೆ ಮರ್ಯಾದೆ ಕೊಟ್ಟು ರಸ್ತೆ ಬಿಟ್ಟು ಇಳಿದರು. ಹೊನ್ನಾಳಿ ಪೇಟೆಯಲ್ಲಿ ಕೋಲಿನ ಕೊಕ್ಕೆಗೆ ಯಾರದೋ ಹೆಗಲ ಮೇಲಿನ ಟವೆಲ್ಲು ಸಿಕ್ಕಿಕೊಂಡಿತು. ಆ ಮನುಷ್ಯ ಸ್ವಲ್ಪ ದೂರ ಓಡಿ ಬಂದು ಕೈಬಿಟ್ಟ. ಟವೆಲ್ಲು ನಮ್ಮ ಜೊತೆ ದಾವಣಗೆರೆಗೆ ಬಂತು.

ತಲುಪಿದಾಗ ಒಂಬತ್ತೂವರೆ. ಗೇಟು ಮುಚ್ಚುತ್ತಿದ್ದರು.

"ಯಾಕ್ರೀ ಲೇಟು?" ಅಂದರು ಆಯ್ಕೆಗಾರರು.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು, "ಸ್ಕೂಟರ್ ಪಂಚರ್ ಆಗಿತ್ತು ಸಾರ್."

ಪಕ್ಕಕ್ಕೆ ಕರೆದು, ಯಾಕೆ ಸುಳ್ಳು ಹೇಳಿದೆ ಅಂತ ಕೇಳಿದೆ. "ನಿಜ ಹೇಳಿದ್ರೆ ನಿಮ್ಮನ್ನ ಬೈಯ್ಯಾಕೆ ಶುರು ಮಾಡ್ತಿದ್ರು ಸಾರ್. ನನ್ನ ಆಡಾಕೆ ಬಿಡಾದು ಇನ್ನೂ ಲೇಟಾಗ್ತಿತ್ತು," ಅಂದು ಬೂಟಿನ ಲೇಸು ಬಿಗಿದುಕೊಂಡು ಓಡಿದಳು. ಪತ್ರ ನನ್ನ ಜೇಬಿನಲ್ಲಿತ್ತು ಎಂಬುದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿಹೋಗಿತ್ತು. ಆ ಮಾತು ಕೇಳಿದಾಗ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಹನ್ನೆರಡು ಗಂಟೆಗೆ ಪಟ್ಟಿ ಓದಿದರು. ಮೊದಲ ಹೆಸರೇ ಅವಳದು. ಆಯ್ಕೆಗಾರರು ಕಡತಕ್ಕೆ ಹಾಕಲು ಪತ್ರ ಕೇಳಿದರು. ಕೊಟ್ಟೆ. ಮುದ್ದೆಯಾಗಿತ್ತು, ಅಕ್ಷರವೆಲ್ಲ ನೀಲಿಯಾಗಿ ಹರಡಿತ್ತು.

"ಇದೇನ್ರೀ, ಪೂರ್ತಿ ಒದ್ದೆ?"

"ಬೆವರು ಸಾರ್," ಅಂದೆ.

ಅವರು ಎದ್ದು ನಿಂತು ನನ್ನ ಬೆನ್ನು ತಟ್ಟಿ, ಅಲ್ಲಿದ್ದ ಬೇರೆ ಮೇಷ್ಟ್ರುಗಳಿಗೆ ತೋರಿಸಿದರು. "ನೋಡ್ರಿ, ಇಂಥ ಮೇಷ್ಟ್ರು ಬೇಕು. ಎಷ್ಟು ಬೆವರು ಸುರಿಸ್ಯಾರೆ!"

ಏಳನೇ ನಂಬರು

ಹುಡುಗಿ ಹಾಸ್ಟೆಲ್ಲಿನಲ್ಲಿ ಬೆಳೆದಳು, ರಾಜ್ಯ ತಂಡಕ್ಕೆ ನಾಯಕಿಯಾದಳು, ದೇಶದ ಶಿಬಿರಕ್ಕೆ ಹೋದಳು. ಮೊಣಕಾಲಿಗೆ ಏಟು ಬಿದ್ದು ಒಂದು ವರ್ಷ ಕೂತಿದ್ದು, ಮತ್ತೆ ಎದ್ದು ಆಡಿ, ಕೊನೆಗೆ ದೇಶದ ಅಂಗಿ ತೊಟ್ಟಳು. ಇದರಲ್ಲಿ ಯಾವುದಕ್ಕೂ ನಾನು ಕಾರಣನಲ್ಲ. ಯುಗಾದಿಗೆ ತಪ್ಪದೆ ಫೋನು ಮಾಡುತ್ತಿದ್ದಳು. "ಹೆಂಗಿದೀರಿ ಸಾರ್, ಅಮ್ಮ ಹೆಂಗವ್ರೆ?" ಅನ್ನುತ್ತಿದ್ದಳು. ಅಮ್ಮ ಅಂದರೆ ನನ್ನ ಹೆಂಡತಿ. ಅವಳ ಜೊತೆ ಅರ್ಧ ಗಂಟೆ ಮಾತಾಡುತ್ತಿದ್ದಳು, ನನ್ನ ಜೊತೆ ಅರ್ಧ ನಿಮಿಷ.

ಅಷ್ಟರಲ್ಲಿ ನನಗೆ ಜಗಳೂರು ಕಡೆಗೆ ವರ್ಗವಾಗಿತ್ತು. ಅಲ್ಲಿ ಕ್ಷೌರದ ಅಂಗಡಿಯಿಂದ ಬಸ್ ಸ್ಟ್ಯಾಂಡಿನವರೆಗೆ ನನ್ನ ಶಿಷ್ಯೆಯ ವಿಷಯ ಕೇಳದ ಕಿವಿ ಇರಲಿಲ್ಲ. ಅವಳು ದೊಡ್ಡ ಪಂದ್ಯಾವಳಿಯ ಫೈನಲ್ ಆಡುವ ದಿನ ಮಧ್ಯಾಹ್ನ, ಶಾಲೆಯ ದೊಡ್ಡ ಪರದೆಯ ಮೇಲೆ ಆಟ ಹಾಕಿಸಿದೆ. ಮಕ್ಕಳು, ಮೇಷ್ಟ್ರುಗಳು, ಊರಿನವರು ಎಲ್ಲ ಸೇರಿದರು. ಕುರಿ ಕಾಯುವ ಒಬ್ಬ ಅಜ್ಜ ಕುರಿಗಳನ್ನು ಆಟದ ಮೈದಾನಕ್ಕೆ ಬಿಟ್ಟು, ಕಿಟಕಿಗೆ ಬಂದು ಕೋಲೂರಿ ನಿಂತ.

"ನಿಮ್ಮ ಹುಡುಗಿ ಯಾವುದು ಸಾರ್?" ಎಲ್ಲರೂ ಕೇಳಿದರು.

ಎಲ್ಲರದೂ ಒಂದೇ ಅಂಗಿ, ಒಂದೇ ಜಡೆ. ಕಾಮೆಂಟರಿಯ ಇಂಗ್ಲಿಷಿನ ಹಿಂದೆ ನನ್ನ ಕಿವಿ ಓಡಲಿಲ್ಲ. ಎತ್ತರ, ನಡಿಗೆ ನೋಡಿ ಒಂದು ಅಂದಾಜು ಮಾಡಿದೆ. "ಏಳನೇ ನಂಬರು," ಅಂದೆ.

ಅಲ್ಲಿಂದ ಶುರು. ಏಳನೇ ನಂಬರಿನವಳು ಚೆಂಡು ಮುಟ್ಟಿದರೆ, "ನೋಡ್ರಿ, ಆ ಮಣಿಕಟ್ಟು ತಿರುಗಿಸಾದು ನಾನೇ ಹೇಳಿಕೊಟ್ಟಿದ್ದು." ಅವಳು ಸುಮ್ಮನೆ ನಿಂತರೆ, "ನೋಡ್ರಿ, ಎಷ್ಟು ತಾಳ್ಮೆ." ಕೊನೆಯ ಎರಡು ನಿಮಿಷ ಉಳಿದಿದ್ದಾಗ ಅವಳು ಮೈದಾನದ ನಡುವೆ ಬಗ್ಗಿ ಲೇಸು ಕಟ್ಟಿಕೊಳ್ಳುತ್ತಿದ್ದಳು. "ಲೇಸು ಕಟ್ಟಾದ್ರಾಗೂ ಎಂಥಾ ಶಿಸ್ತು ನೋಡ್ರಿ," ಅನ್ನುತ್ತಿದ್ದೆ, ಅಷ್ಟರಲ್ಲಿ ಗೋಲಾಯಿತು. ನಮ್ಮದೇ ತಂಡ. ಕೋಣೆ ಹಾರಿ ಕುಣಿಯಿತು. ಗೋಲು ಹೊಡೆದ ಹುಡುಗಿಯ ಮುಖ ಪರದೆ ತುಂಬ ಬಂತು. ನಂಬರು ಹದಿನೇಳು.

ಕಿಟಕಿಯಿಂದ ಅಜ್ಜ ಅಂದ, "ಸಾರ್, ಹೋದ ವರ್ಷ ನಿಮ್ಮನೆ ದಾರಿ ಕೇಳ್ಕೊಂಡು ಬಂದಿತ್ತಲ್ಲ, ಆ ಕೂಸು ಇದೇ ಅಲ್ವಾ?"

ಇಡೀ ಕೋಣೆ ನನ್ನ ಕಡೆ ತಿರುಗಿತು. ಹೌದು, ಅದೇ ಮುಖ. ನನ್ನ ಹುಡುಗಿ, ಅಳುತ್ತಾ ನಗುತ್ತಾ ಇದ್ದಳು. ನನಗೂ ಕಣ್ಣು ತುಂಬಿ ಬಂತು, ಖುಷಿಗೋ ನಾಚಿಕೆಗೋ ತಿಳಿಯಲಿಲ್ಲ.

"ನಿನಗೆ ಹೆಂಗಜ್ಜ ಗುರುತು ಸಿಕ್ತು?" ಅಂತ ಯಾರೋ ಕೇಳಿದರು.

"ನನ್ನತ್ರ ಇನ್ನೂರು ಕುರಿ ಅದಾವೆ. ಒಂದೊಂದರ ಮುಖಾನೂ ಗೊತ್ತೈತೆ," ಅಂದ ಅಜ್ಜ. ಆಮೇಲೆ ನನ್ನ ಕಡೆ ನೋಡಿ, ಬೈಯ್ಯುವ ದನಿಯಲ್ಲಲ್ಲ, ಮರುಗುವ ದನಿಯಲ್ಲಿ ಹೇಳಿದ. "ನಿಮಗೆ ಇದ್ದಿದ್ದೇ ಒಂದು ಕುರಿ ಅಲ್ಲೇನ್ರೀ ಸಾರ್."

ಚನ್ನಗಿರಿಯ ಸನ್ಮಾನ

ನಿವೃತ್ತಿಗೆ ಮುಂಚೆ ಚನ್ನಗಿರಿಗೆ ಬಂದೆ. ಆ ವರ್ಷವೇ ಊರಿನ ಪ್ರಮುಖರು ಸೇರಿ ಅವಳಿಗೆ ಸನ್ಮಾನ ಇಟ್ಟುಕೊಂಡರು. ಬ್ಯಾನರಿನ ಮೇಲೆ ಅವಳ ಫೋಟೋ ಎಷ್ಟು ದೊಡ್ಡದಿತ್ತೋ ನನ್ನದೂ ಅಷ್ಟೇ ದೊಡ್ಡದು. ಕೆಳಗೆ 'ಗುರು ಶಿಷ್ಯೆಯರಿಗೆ ಸಾರ್ವಜನಿಕ ಅಭಿನಂದನೆ'. ಮನೆಯಿಂದ ಹೊರಡುವಾಗ ಹೆಂಡತಿ ನನ್ನ ಅಂಗಿಯ ಗುಂಡಿ ಸರಿ ಮಾಡುತ್ತಾ, "ಇವತ್ತಾದ್ರೂ ನಿಜ ಹೇಳ್ರಿ," ಅಂದಳು. ಹೇಳುತ್ತೇನೆ ಅಂತ ಮಾತು ಕೊಟ್ಟೆ.

ಮೈದಾನ ತುಂಬಿತ್ತು. ಅವಳು ಬಂದವಳೇ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಅಷ್ಟರಲ್ಲಿ ನಿರೂಪಕರು, ಪಟ್ಟಿಯಲ್ಲಿ ಇಲ್ಲದ ಒಂದು ಕಾರ್ಯಕ್ರಮ ಘೋಷಿಸಿದರು. "ಈಗ ಗುರುಗಳು ತಮ್ಮ ಅಮೃತ ಹಸ್ತದಿಂದ ಚೆಂಡನ್ನು ಗೋಲಿಗೆ ಹೊಡೆದು ಉದ್ಘಾಟನೆ ಮಾಡುತ್ತಾರೆ."

ನನ್ನ ಕೈಗೆ ಹಾಕಿ ಕೋಲು ಬಂತು. ಗುದ್ದಲಿ ಹಿಡಿದ ಹಾಗೆ ಹಿಡಿದುಕೊಂಡೆ. ಅವಳು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು. "ಸಾರ್, ಎಡಗೈ ಮೇಲೆ, ಬಲಗೈ ಕೆಳಗೆ. ಕೋಲು ತಿರುವ್ರಿ ಸಾರ್, ಅದು ಬೆನ್ನು."

ಬೀಸಿದೆ. ಒಂದು ಬೊಗಸೆ ಮಣ್ಣು ಎದ್ದಿತು, ಚೆಂಡು ಇದ್ದಲ್ಲೇ ಇತ್ತು. ಕೊರಳಲ್ಲಿದ್ದ ಹಾರ ಮೇಲೆ ಬಂದು ಕಣ್ಣು ಮುಚ್ಚಿತು. ಆ ಕತ್ತಲಲ್ಲೇ ಇನ್ನೊಂದು ಸಲ ಬೀಸಿದೆ. ಟಕ್ ಅಂತ ತಗಲಿತು, ಚೆಂಡು ನನ್ನ ಹಿಮ್ಮಡಿಗೇ ಬಡಿದು ಹಿಂದಕ್ಕೆ ಉರುಳಿ ಸಭೆಯ ಅಧ್ಯಕ್ಷರ ಕುರ್ಚಿಯ ಕೆಳಗೆ ಹೋಗಿ ಕೂತಿತು. ಜನ ಬಿದ್ದು ಬಿದ್ದು ನಕ್ಕರು. "ಗುರುಗಳು ಎಷ್ಟು ಚೆಂದ ತಮಾಷೆ ಮಾಡ್ತಾರ್ರೀ!" ಅಂತ ನಿರೂಪಕರು ಮೈಕಿನಲ್ಲೇ ಅಂದರು.

ನಾನು ಮೈಕು ಕಿತ್ತುಕೊಂಡೆ. "ತಮಾಷೆ ಅಲ್ರೀ. ಹಾಕಿ ಕೋಲಿಂದ ನಾನು ಚೆಂಡು ಹೊಡೆದಿದ್ದು ಇವತ್ತೇ ಮೊದಲು. ಈ ಹುಡುಗಿಗೆ ನಾನು ಏನೂ ಕಲಿಸಿಲ್ಲ."

ಚಪ್ಪಾಳೆ.

"ಕಿವಿ ಹಿಂಡಿ ಥ್ರೋಬಾಲಿಗೆ ಅಟ್ಟಿದ್ದೆ. ಆಯ್ಕೆ ಪತ್ರ ಬಂದಾಗ ಜೇಬಿನಾಗೆ ಮುಚ್ಚಿಟ್ಟುಕೊಂಡಿದ್ದೆ."

ಇನ್ನೂ ಜೋರು ಚಪ್ಪಾಳೆ. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಂಥಾ ವಿನಯ! ತುಂಬಿದ ಕೊಡ ತುಳುಕಲ್ಲ ಅಂತ ಸುಮ್ನೆ ಹೇಳಿಲ್ಲ ನೋಡ್ರಿ ಹಿರಿಯರು."

"ಸಾರ್, ಕೊಡ ಖಾಲಿ ಐತೆ ಸಾರ್!" ಅಂತ ಕೂಗಿದೆ. ನನಗೆ ನಿಜವಾಗಿ ಅಳು ಬಂದಿತ್ತು.

ಅದನ್ನು ನೋಡಿ ಮುಂದಿನ ಸಾಲಿನ ಹೆಂಗಸರೂ ಅತ್ತರು. ನನಗೆ ಎರಡನೇ ಶಾಲು ಹೊದಿಸಿದರು.

ಕೊನೆಗೆ ಹುಡುಗಿ ಮೈಕು ತೆಗೆದುಕೊಂಡಳು. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. "ಮೇಷ್ಟ್ರು ಹೇಳಿದ್ದರಾಗೆ ಒಂದಕ್ಷರನೂ ಸುಳ್ಳಿಲ್ಲ. ಎಲ್ಲಾ ನಿಜ," ಅಂದಳು.

"ಗುರುವಿಗೆ ತಕ್ಕ ಶಿಷ್ಯೆ!" ಅಂತ ಅಧ್ಯಕ್ಷರು ಎದ್ದು ನಿಂತರು. ಅವರ ಹಿಂದೆ ವೇದಿಕೆ ಎದ್ದಿತು, ವೇದಿಕೆಯ ಹಿಂದೆ ಮೈದಾನವೇ ಎದ್ದು ನಿಂತಿತು. ಅವಳು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು, "ನಾನೂ ಎಲ್ಲಾ ಸಂದರ್ಶನದಾಗೂ ಇದನ್ನೇ ಹೇಳ್ತೀನಿ ಸಾರ್. ಯಾರೂ ನಂಬಲ್ಲ. ಇನ್ನು ಬಿಟ್ಬಿಡ್ರಿ."

ಅಷ್ಟೂ ಜನರ ನಡುವೆ ಒಬ್ಬಳು ಮಾತ್ರ ಕೈಕಟ್ಟಿ ಕೂತಿದ್ದಳು. ಮುಂದಿನ ಸಾಲಿನಲ್ಲಿ, ನನ್ನ ಹೆಂಡತಿ. ಸದ್ಯ, ನಿಜ ಬಲ್ಲವಳು ಒಬ್ಬಳಾದರೂ ಕೂತಿದ್ದಾಳಲ್ಲ ಅಂತ ನನಗೆ ಒಳಗೊಳಗೇ ಸಮಾಧಾನ. ನೋಡುತ್ತಿದ್ದ ಹಾಗೇ ಆ ಕಡೆ ಈ ಕಡೆ ಕಣ್ಣಾಡಿಸಿದಳು, ಸೆರಗು ಸರಿ ಮಾಡಿಕೊಂಡಳು, ಎದ್ದು ನಿಂತು ಅವಳೂ ಚಪ್ಪಾಳೆ ತಟ್ಟತೊಡಗಿದಳು.

ಮನೆಗೆ ಬಂದ ಮೇಲೆ ಕೇಳಿದೆ. "ನೀನೂ ಯಾಕೆ ತಟ್ಟಿದೆ ಮಾರಾಯ್ತಿ? ನಿನಗೆ ಎಲ್ಲಾ ಗೊತ್ತಿತ್ತಲ್ಲ."

"ಇನ್ನೇನ್ ಮಾಡಲ್ರೀ?" ಅಂದಳು. "ಅಷ್ಟು ಜನ ಎದ್ದು ನಿಂತಾರೆ, ನಾನೊಬ್ಬಳೇ ಕುಂತ್ರೆ ಏನಂತಾರೆ? ಗಂಡ ನೋಡಿದ್ರೆ ಇಷ್ಟು ದೊಡ್ಡ ಮನುಷ್ಯ, ಹೆಂಡ್ತಿಗೆ ಎಷ್ಟು ಕೊಬ್ಬು ಐತೆ ನೋಡ್ರಿ ಅನ್ನಲ್ವಾ? ನನಗೇ ನಾಚಿಕೆ ಆತು!"